ಬಿಸಿಲ ಹಾದಿಗೆ ಮನೆಯಲ್ಲೇ ತಯಾರಿ



ಯುಗಾದಿ ಕಳೆದು, ಮಕ್ಕಳ ಪರೀಕ್ಷೆಗಳೂ ಮುಗಿಯುತ್ತಿದ್ದಂತೆ ಮನೆಮನೆಯಲ್ಲೂ ಒಂದೇ ಮಾತು: ಈ ಸಲ ಎಲ್ಲಿಗೆ ಹೋಗೋಣ? ನಮ್ಮ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಬಿಸಿಲು ಬಿರುಸಾಗಿರುವುದೂ ಆಗಲೇ. ಮಕ್ಕಳಿಗೆ ನಾಡು ತೋರಿಸಬೇಕು, ಅಜ್ಜಿಯನ್ನು ಅವರ ತವರೂರಿಗೆ ಕರೆದೊಯ್ಯಬೇಕು, ಹರಕೆ ತೀರಿಸಬೇಕು ಅಂದರೆ ಬಹಳಷ್ಟು ಕುಟುಂಬಗಳಿಗೆ ಉಳಿದಿರುವುದು ಈ ಆರೇಳು ವಾರ ಮಾತ್ರ. ಆದ್ದರಿಂದ ಬಿಸಿಲಿಗೆ ಹೆದರಿ ಮನೆಯಲ್ಲಿರಿ ಎಂದು ನಾನು ಹೇಳುವುದಿಲ್ಲ. ಖಂಡಿತ ಹೋಗಿ ಬನ್ನಿ. ಹೊರಡುವ ಮುನ್ನ ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ದೂರದ ಪ್ರಯಾಣದಲ್ಲಿ ಅನಾಹುತಕ್ಕೆ ದಾರಿ ಮಾಡಿಕೊಡುವುದು ಬಹುಪಾಲು ದಣಿದಾಗ ಮಾಡಿದ ತೀರ್ಮಾನಗಳು. ಮಧ್ಯಾಹ್ನ ಎರಡು ಗಂಟೆ, ಹೊಟ್ಟೆ ಹಸಿದಿದೆ, ಹಿಂದಿನ ಸೀಟಿನಲ್ಲಿ ಮಗು ರಚ್ಚೆ ಹಿಡಿದಿದೆ, ಇನ್ನೂ ನೂರು ಕಿಲೋಮೀಟರ್ ಇದೆ. ಆ ಹೊತ್ತಿನಲ್ಲಿ ಯಾರಿಗೂ ಸರಿಯಾಗಿ ಯೋಚನೆ ಹೊಳೆಯುವುದಿಲ್ಲ. ‘ಇನ್ನೇನು ಬಂದೇಬಿಟ್ಟಿತು, ಹೋಗಿಬಿಡೋಣ’ ಎನ್ನುತ್ತೇವೆ. ಎಷ್ಟು ಹೊತ್ತಿಗೆ ನಿಲ್ಲಬೇಕು, ಎಲ್ಲಿ ತಂಗಬೇಕು, ಗಾಡಿ ಯಾರು ಓಡಿಸಬೇಕು, ಯಾವಾಗ ಪ್ರಯಾಣವನ್ನೇ ಮೊಟಕುಗೊಳಿಸಬೇಕು ಎಂಬುದನ್ನೆಲ್ಲ ಮನೆಯ ನೆರಳಿನಲ್ಲಿ, ಊಟ ಮಾಡಿ, ಸಮಾಧಾನವಾಗಿ ಕೂತಾಗಲೇ ನಿರ್ಧರಿಸಿಬಿಡಬೇಕು. ತಯಾರಿ ಅಂದರೆ ಮುಖ್ಯವಾಗಿ ಇದೇ. ಟೈರು, ಬುತ್ತಿ, ಔಷಧಿ ಎಲ್ಲವೂ ಈ ತೀರ್ಮಾನಗಳಿಗೆ ಹೊಂದಿಕೊಂಡು ಬರುತ್ತವೆ.

ಮಾತು ಗಾಳಿಯಲ್ಲಿ ತೇಲಬಾರದು. ಒಂದು ದಾರಿಯನ್ನೇ ಹಿಡಿದು ಹೇಳುತ್ತೇನೆ. ಬೆಂಗಳೂರಿನಿಂದ ಬೀದರ್‌ವರೆಗೆ, ನಾಡಿನ ಉದ್ದಕ್ಕೂ ಒಂದು ಪ್ರಯಾಣ. ತುಮಕೂರು, ಶಿರಾ, ಹಿರಿಯೂರು ಹಾದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ. ಅಲ್ಲಿಂದ ಹೆದ್ದಾರಿ 50 ಹಿಡಿದರೆ ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ, ಕೃಷ್ಣೆಯನ್ನು ದಾಟಿ ವಿಜಯಪುರ. ಮುಂದೆ ಸಿಂದಗಿ, ಜೇವರ್ಗಿ, ಭೀಮೆಯನ್ನು ದಾಟಿ ಕಲಬುರಗಿ, ಹುಮನಾಬಾದ್, ಕೊನೆಗೆ ಬೀದರ್. ಎಲ್ಲ ಸೇರಿ ಸುಮಾರು 800 ಕಿಲೋಮೀಟರ್. ಚಿತ್ರದುರ್ಗದ ಕೋಟೆ, ಹಂಪಿ, ಗೋಳಗುಮ್ಮಟ, ಮಹಮೂದ್ ಗವಾನನ ಮದರಸಾ ಎಲ್ಲ ಈ ಒಂದೇ ದಾರಿಯಲ್ಲಿವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ಸಿಗುವುದು ಕಷ್ಟ. ಆದರೆ ತುಂಗಭದ್ರೆ ದಾಟಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವುದು, ದಾಟುವುದು ಮಾಮೂಲು.

ಮೊದಲನೆಯ ತೀರ್ಮಾನ ಹೊತ್ತಿನದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಗಳ ಸಮಯವನ್ನೇ ಬದಲಾಯಿಸುತ್ತಾರೆ. ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಕೆಲಸ ಮುಗಿಯುತ್ತದೆ. ಆ ನೆಲದ ಜನ ಬಿಸಿಲಿನ ಜೊತೆ ಬಾಳುವುದನ್ನು ಬಲ್ಲವರು. ಮಧ್ಯಾಹ್ನ ಬೀದಿಯಲ್ಲಿ ಆಳು ಕಾಣುವುದಿಲ್ಲ, ಸಂಜೆ ಆರಕ್ಕೆ ಪೇಟೆ ಮತ್ತೆ ತುಂಬುತ್ತದೆ. ಅಲ್ಲಿಗೆ ಹೋಗುವ ನಾವು ಬೆಂಗಳೂರಿನ ಗಡಿಯಾರ ಕಟ್ಟಿಕೊಂಡು ಹೋಗಬಾರದು. ಎತ್ತಿನಗಾಡಿಯ ಕಾಲದಲ್ಲಿ ನಮ್ಮ ಹಿರಿಯರೂ ಬೆಳ್ಳಿ ಮೂಡುವ ಹೊತ್ತಿಗೆ ಗಾಡಿ ಹೂಡಿ, ಬಿಸಿಲೇರಿದಾಗ ಮರದಡಿ ಎತ್ತುಗಳ ನೊಗ ಬಿಚ್ಚಿ, ಹೊತ್ತು ಇಳಿದ ಮೇಲೆ ಮತ್ತೆ ಹೊರಡುತ್ತಿದ್ದರು. ಎತ್ತಿಗೆ ನೀರು, ನೆರಳು ಬೇಕಿತ್ತು. ಏರ್ ಕಂಡೀಷನರ್ ಇರುವ ಕಾರಿನಲ್ಲಿ ಕೂತವರು ನಮಗದು ಬೇಡ ಅಂದುಕೊಳ್ಳುತ್ತೇವೆ. ಇಂಜಿನ್ನಿಗೂ ಬೇಕು, ಟೈರಿಗೂ ಬೇಕು, ಚಾಲಕನಿಗಂತೂ ಬೇಕೇ ಬೇಕು.

ಹಾಗಾದರೆ ಈ 800 ಕಿಲೋಮೀಟರನ್ನು ಹೇಗೆ ಹಂಚಿಕೊಳ್ಳಬಹುದು? ಮೊದಲ ದಿನ ಬೆಳಗಿನ ಐದಕ್ಕೆ ಬೆಂಗಳೂರು ಬಿಟ್ಟರೆ ಸುಮಾರು 200 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ತಿಂಡಿ. ಅಲ್ಲಿಂದ ಹೊಸಪೇಟೆಗೆ ಸುಮಾರು 140. ಬಿಸಿಲು ನೆತ್ತಿಗೇರುವಷ್ಟರಲ್ಲಿ ರೂಮು ಸೇರಿಬಿಡಬಹುದು. ಮಧ್ಯಾಹ್ನ ಎಲ್ಲರೂ ಮಲಗಿ, ನಾಲ್ಕೂವರೆಯ ಮೇಲೆ ಹಂಪಿಗೆ ಹೋಗಿ. ನಡುಮಧ್ಯಾಹ್ನ ಹಂಪಿಯ ಬಂಡೆಗಳ ನಡುವೆ ನಡೆದರೆ ಬಿಸಿಲು ಮೇಲಿನಿಂದಲೂ ಬೀಳುತ್ತದೆ, ಕೆಳಗಿನಿಂದಲೂ ಏಳುತ್ತದೆ. ಎರಡನೇ ದಿನ ಮತ್ತೆ ನಸುಕಿಗೆ ಹೊರಟು ಸುಮಾರು 200 ಕಿಲೋಮೀಟರ್ ದೂರದ ವಿಜಯಪುರ. ಗೋಳಗುಮ್ಮಟವನ್ನು ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ನೋಡಿ. ಆಗ ಜನದಟ್ಟಣೆ ಇರುವುದಿಲ್ಲ, ಪಿಸುಮಾತಿನ ಗ್ಯಾಲರಿಯಲ್ಲಿ ಈ ಗೋಡೆಯ ಬಳಿ ಉಸುರಿದ್ದು ಆಚೆ ಗೋಡೆಯ ಬಳಿ ಇರುವ ಮಗುವಿಗೆ ನಿಜಕ್ಕೂ ಕೇಳಿಸುತ್ತದೆ. ಆ ದಿನದ ಮಧ್ಯಾಹ್ನವನ್ನೂ ವಿಜಯಪುರದಲ್ಲೇ ಕಳೆದು, ನಾಲ್ಕನೇ ದಿನ ಬೆಳಗಿನಲ್ಲಿ 160 ಕಿಲೋಮೀಟರ್ ದೂರದ ಕಲಬುರಗಿ, ಐದನೇ ದಿನ ಇನ್ನೊಂದು 110 ಕಿಲೋಮೀಟರ್ ಹೋದರೆ ಬೀದರ್. ಎರಡು ದಿನದಲ್ಲಿ ಮುಗಿಸಬಹುದಾದ ದಾರಿಗೆ ಐದು ದಿನವೇ ಎಂದು ಕೇಳಬೇಡಿ. ಎರಡು ದಿನದಲ್ಲಿ ಮುಗಿಸಿದರೆ ಮಕ್ಕಳು ನೋಡುವುದು ರಸ್ತೆಯನ್ನು ಮಾತ್ರ.

‘ಬಿಸಿಲು ಬೇಡವಾದರೆ ರಾತ್ರಿ ಹೋಗೋಣ’ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಹಿಂದೀಪವೂ ಪ್ರತಿಫಲಕವೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು, ರಸ್ತೆಯಂಚಿನಲ್ಲಿ ಕೆಟ್ಟು ನಿಂತ ಲಾರಿಗಳು ಕತ್ತಲಲ್ಲಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಅದಕ್ಕಿಂತ ದೊಡ್ಡ ಶತ್ರು ನಿದ್ದೆ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ತಾನಾಗಿಯೇ ನಿದ್ದೆಗೆ ಜಾರುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಅಂಥ ಹೊತ್ತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ ಯಾರ ಹಿಡಿತವೂ ಇಲ್ಲದೆ ಸುಮಾರು 67 ಮೀಟರ್ ಓಡಿರುತ್ತದೆ. 17 ಗಂಟೆ ನಿದ್ದೆಗೆಟ್ಟವರ ಚುರುಕುತನ ಮದ್ಯ ಕುಡಿದವರ ಮಟ್ಟಕ್ಕೆ ಇಳಿಯುತ್ತದೆಂದು ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದ್ದಾರೆ. ಗಾಡಿ ಓಡಿಸುವವರು ಹಿಂದಿನ ರಾತ್ರಿ ಬೇಗ ಮಲಗಬೇಕು. ಪ್ಯಾಕಿಂಗ್ ಹೊಣೆ ಅವರ ತಲೆಗೆ ಬೇಡ. ಎರಡು ಗಂಟೆಗೊಮ್ಮೆ ಇಳಿದು ನಡೆಯುವುದು, ಇಬ್ಬರಿಗೆ ಲೈಸೆನ್ಸ್ ಇದ್ದರೆ ಸರದಿಯಲ್ಲಿ ಓಡಿಸುವುದು, ಕಣ್ಣು ಎಳೆದರೆ ವಾದ ಮಾಡದೆ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದು, ಇವನ್ನೂ ಮನೆಯಲ್ಲೇ ಒಪ್ಪಂದ ಮಾಡಿಕೊಳ್ಳಿ.

ಈಗ ಗಾಡಿಯ ಮಾತು. ಇದರಲ್ಲಿ ಟೈರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬೇಸಿಗೆಯ ಹೆದ್ದಾರಿಯಲ್ಲಿ ಮೊದಲು ಸೋಲುವುದು ಅದೇ. ಕುಷ್ಟಗಿ ದಾಟಿ ಇಳಕಲ್ ಕಡೆಗೆ ಹೋಗುವಾಗ ಒಮ್ಮೆ ರಸ್ತೆಬದಿಯ ಪಂಕ್ಚರ್ ಅಂಗಡಿಯಲ್ಲಿ ಕೂತಿದ್ದೆ. ಅಲ್ಲಿನ ಹುಡುಗ ಯಾರದೋ ಕಾರಿನ ಟೈರನ್ನು ರಿಮ್ಮಿನಿಂದ ಬಿಡಿಸಿ, ನಿಲ್ಲಿಸಿ, ಅಂಗೈಯಿಂದ ತಟ್ಟಿದ. ಒಳಗಿನಿಂದ ಒಂದು ಹಿಡಿ ಕಪ್ಪು ಪುಡಿ ಉದುರಿತು, ಕಾಡಿಗೆಯಷ್ಟು ನಯವಾದ ರಬ್ಬರ್ ಪುಡಿ. ‘ಇದು ಮೊಳಿ ಚುಚ್ಚಿದ್ದಲ್ಲರಿ, ಗಾಳಿ ಕಡಿಮಿ ಇಟ್ಟು ಓಡಿಸ್ಯಾರ’ ಎಂದ. ಟೈರಿನ ಒಳಗೋಡೆಯ ಸುತ್ತ ಒಂದು ಬೆರಳಗಲ ಸವೆದ ಪಟ್ಟಿ ಇತ್ತು. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆಯೇ ಕಾಣುತ್ತಿತ್ತು.

ಆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ‘ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಸ್ವಲ್ಪ ಕಡಿಮೆ ಹಾಕಿಸಿ’ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತೀರಿ. ಅದು ಅಪಾಯದ ಸಲಹೆ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ಹಾಗೆ ಬಾಗಿ ನೆಟ್ಟಗಾಗುವುದರಲ್ಲೇ ಶಾಖ ಹುಟ್ಟುತ್ತದೆ. ಕೆಳಗೆ ಕಾದ ಡಾಂಬರು, ಮೇಲೆ ತುಂಬಿದ ಸಾಮಾನು, ವೇಗ ನೂರರ ಹತ್ತಿರ. ಒಳಗಿನ ಪದರಗಳ ಬೆಸುಗೆ ಸಡಿಲವಾಗಿ ಟೈರು ಸಿಡಿಯುವುದು ಹೀಗೆ. ಎಷ್ಟು ಗಾಳಿ ಬೇಕೆಂಬುದನ್ನು ಕಾರು ತಯಾರಿಸಿದವರೇ ಬರೆದಿಟ್ಟಿರುತ್ತಾರೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಕಾಣುತ್ತದೆ. ಅನೇಕ ಕಾರುಗಳಲ್ಲಿ ಇಬ್ಬರಿದ್ದಾಗ ಒಂದು ಅಂಕಿ, ಐದು ಜನ ಸಾಮಾನಿನ ಸಮೇತ ಕೂತಾಗ ಇನ್ನೊಂದು ಹೆಚ್ಚಿನ ಅಂಕಿ ಇರುತ್ತದೆ. ದೂರ ಪ್ರಯಾಣಕ್ಕೆ ಬೇಕಾದ್ದು ಈ ಎರಡನೆಯದು. ಇದನ್ನು ಅಳೆಯಬೇಕಾದ್ದು ಟೈರು ತಣ್ಣಗಿರುವಾಗ, ಬೆಳಿಗ್ಗೆ ಹೊರಡುವ ಮೊದಲು. ಓಡಿ ಬಿಸಿಯಾದ ಮೇಲೆ ಅಳತೆ ನಾಲ್ಕೈದು ಅಂಕಿ ಮೇಲೇರಿದ್ದರೆ ಅದು ಸಹಜ. ಹೆಚ್ಚಾಯಿತೆಂದು ಆಗ ಗಾಳಿ ಬಿಡಬೇಡಿ.

ಟೈರಿನ ಪಕ್ಕದಲ್ಲಿ ಒಂದು ಪುಟ್ಟ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3519 ಎಂದಿದ್ದರೆ ಅದು 2019ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಕಾರು ಹೆಚ್ಚು ಓಡದಿದ್ದರೂ ರಬ್ಬರಿಗೆ ಮುಪ್ಪು ಬರುತ್ತದೆ, ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಇನ್ನೂ ಬೇಗ. ಐದಾರು ವರ್ಷ ದಾಟಿದ ಟೈರನ್ನು ಬಲ್ಲವರಿಗೆ ತೋರಿಸದೆ ದೂರ ಹೊರಡಬೇಡಿ. ಗೀರುಗಳ ನಡುವೆ ಅಲ್ಲಲ್ಲಿ ಉಬ್ಬಿದ ಸಣ್ಣ ದಿಂಡುಗಳಿರುತ್ತವೆ. ಟೈರು ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್, ಬದಲಾಯಿಸಲೇಬೇಕು. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನು ಮರೆಯಬೇಡಿ. ವರ್ಷಗಟ್ಟಲೆ ಯಾರೂ ಮುಟ್ಟದ ಅದರಲ್ಲಿ ಗಾಳಿ ಇದೆಯೇ, ಜಾಕ್ ಮತ್ತು ಪಾನಾ ಇವೆಯೇ ನೋಡಿ.

ಮಿಕ್ಕದ್ದು ಬೇಗ ಹೇಳಿ ಮುಗಿಸುತ್ತೇನೆ. ಇಂಜಿನ್ ತಣ್ಣಗಿದ್ದಾಗ ಕೂಲೆಂಟ್ ಮಟ್ಟ ನೋಡಿ. ಬರೀ ನಲ್ಲಿ ನೀರು ತುಂಬಿಸಬೇಡಿ, ಅದು ತುಕ್ಕಿಗೆ ದಾರಿ. ಬ್ಯಾಟರಿಯನ್ನು ಚಳಿಗಿಂತ ಹೆಚ್ಚು ಬಳಲಿಸುವುದು ನಮ್ಮ ಸೆಕೆ. ಮೂರು ನಾಲ್ಕು ವರ್ಷ ಹಳೆಯದಾಗಿದ್ದರೆ ಪರೀಕ್ಷೆ ಮಾಡಿಸಿ. ಹೊರಡುವ ಹಿಂದಿನ ದಿನವೇ ಸರ್ವಿಸ್ ಬೇಡ, ಒಂದು ವಾರ ಮೊದಲೇ ಮಾಡಿಸಿ, ಊರೊಳಗೆ ನಾಲ್ಕು ದಿನ ಓಡಿಸಿದರೆ ಉಳಿದ ದೋಷ ಕಾಣಿಸಿಕೊಳ್ಳುತ್ತದೆ. ದಾರಿಯಲ್ಲಿ ಶಾಖದ ಮುಳ್ಳು ಮೇಲೇರತೊಡಗಿದರೆ ಏಸಿ ಆರಿಸಿ, ಕಿಟಕಿ ಇಳಿಸಿ, ಹೀಟರ್ ಪೂರ್ತಿ ತಿರುಗಿಸಿ. ಸೆಕೆಯಲ್ಲಿ ಹೀಟರೇ ಎಂದು ಬೆರಗಾಗಬೇಡಿ, ಇಂಜಿನ್ನಿನ ಶಾಖವನ್ನು ಹೊರಗೆಳೆಯುವುದು ಅದೇ. ಎಡಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ, ಅರ್ಧ ಗಂಟೆಯಾದರೂ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒಳಗಿನ ದ್ರವ ಒತ್ತಡದಲ್ಲಿರುತ್ತದೆ, ಮುಚ್ಚಳ ಸಡಿಲಾದ ಕ್ಷಣ ಕುದಿಯುತ್ತಾ ಮುಖಕ್ಕೆ ಚಿಮ್ಮುತ್ತದೆ. ಬೇಸಿಗೆಯಲ್ಲಿ ಪೆಟ್ರೋಲ್ ಟ್ಯಾಂಕ್ ತುಂಬಿಸಿದರೆ ಸ್ಫೋಟವಾಗುತ್ತದೆ ಎಂಬ ಸುದ್ದಿ ಪ್ರತಿ ವರ್ಷ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಅದು ಸುಳ್ಳು. ತೈಲ ಕಂಪನಿಯೇ ಸ್ಪಷ್ಟನೆ ಕೊಟ್ಟಿದೆ.

ಗಾಡಿಗಿಂತ ಹೆಚ್ಚಿನದು ಒಳಗೆ ಕೂತವರ ಜೀವ. ನೀರು ಎಷ್ಟು ಒಯ್ಯಬೇಕೆಂದರೆ ಬೇಕೆನಿಸಿದ್ದಕ್ಕಿಂತ ಜಾಸ್ತಿ. ಐದು ಜನಕ್ಕೆ ಇಪ್ಪತ್ತು ಲೀಟರಿನ ಒಂದು ಕ್ಯಾನು ಹೊರೆಯಲ್ಲ. ಇಂಜಿನ್ನಿಗೂ ಮೈಗೂ ಎರಡಕ್ಕೂ ಬೇಕಾದೀತು. ಶೌಚಾಲಯ ಸಿಗದೆಂದು ಹೆಣ್ಣುಮಕ್ಕಳು ದಾರಿಯುದ್ದಕ್ಕೂ ನೀರು ಕುಡಿಯದೆ ಕೂರುವುದನ್ನು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ. ಇದು ಸಲ್ಲದು. ಟೋಲ್ ಪ್ಲಾಜಾ, ಪೆಟ್ರೋಲ್ ಬಂಕುಗಳಲ್ಲಿ ಕಡ್ಡಾಯವಾಗಿ ನಿಲ್ಲುತ್ತೇವೆ ಎಂದು ಚಾಲಕರು ಮೊದಲೇ ಮಾತು ಕೊಡಲಿ.

ಬುತ್ತಿಯ ವಿಷಯದಲ್ಲಿ ನಮ್ಮ ಅಡುಗೆಮನೆಯ ತಿಳಿವಳಿಕೆ ದೊಡ್ಡದು. ಹುಣಸೆಯ ಹುಳಿ, ಎಣ್ಣೆ ಎರಡೂ ಇರುವುದರಿಂದ ಪುಳಿಯೋಗರೆ ಸಂಜೆಯವರೆಗೂ ಕೆಡುವುದಿಲ್ಲ. ತೆಂಗಿನಕಾಯಿ ಹಾಕಿದ ಚಿತ್ರಾನ್ನ ಮಧ್ಯಾಹ್ನಕ್ಕೇ ಹಳಸುತ್ತದೆ. ನೀರಿನಂಶವೇ ಇಲ್ಲದ ಉತ್ತರ ಕರ್ನಾಟಕದ ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಜೊತೆಗೆ ಶೇಂಗಾ ಚಟ್ನಿಪುಡಿ ಇದ್ದರೆ ಎಲ್ಲಿ ಬೇಕಾದರೂ ಊಟ. ಮೊಸರನ್ನವನ್ನು ಮೊಸರಿನಲ್ಲೇ ಕಲಸಿದರೆ ಹತ್ತು ಗಂಟೆಗೇ ಹುಳಿ ಬರುತ್ತದೆ. ತಿಳಿದವರು ಮಾಡುವುದೇ ಬೇರೆ. ಅನ್ನವನ್ನು ಮೆತ್ತಗೆ ಮಾಡಿ, ಕಾಯಿಸಿ ಆರಿಸಿದ ಹಾಲು ಹೊಯ್ದು, ಒಂದೇ ಚಮಚ ಮೊಸರು ಬೆರೆಸಿ ಡಬ್ಬಿಗೆ ತುಂಬುತ್ತಾರೆ. ಪ್ರಯಾಣದ ಶಾಖದಲ್ಲಿ ಅದು ತಾನಾಗಿ ಹೆಪ್ಪಾಗಿ, ಊಟದ ಹೊತ್ತಿಗೆ ಹದವಾದ ಮೊಸರನ್ನವಾಗಿರುತ್ತದೆ. ಕರಿದ ತಿಂಡಿ ಕಡಿಮೆ ಮಾಡಿ, ಸೌತೆಕಾಯಿ, ಮಜ್ಜಿಗೆ, ಎಳನೀರು ಹೆಚ್ಚು ಮಾಡಿ.

ಓಆರ್‌ಎಸ್ ಪೊಟ್ಟಣಗಳನ್ನು ಕೊಳ್ಳುವಾಗ ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೆಂದು ಬರೆದಿದೆಯೇ ನೋಡಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ. ಉಪ್ಪು ಹೆಚ್ಚಾಗಬಾರದು. ಮನೆಯಲ್ಲಿ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಹೊರಡುವ ವಾರದಲ್ಲಿ ವೈದ್ಯರನ್ನು ಕೇಳಿ, ಅವರಿಗೆ ಬಿಸಿಲು ಬೇಗ ತಾಗುತ್ತದೆ. ಇನ್ಸುಲಿನ್ ಬಳಸುವವರು ಅದನ್ನು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಡಲೇಬಾರದು, ತಂಪಿನ ಡಬ್ಬಿಯಲ್ಲಿ ಒಯ್ಯಿರಿ. ಮಂಜುಗಡ್ಡೆಗೆ ನೇರವಾಗಿ ತಾಗದಿರಲಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು ಹತ್ತು ಡಿಗ್ರಿ ಏರುತ್ತದೆ. ಕಿಟಕಿ ಒಂದಿಂಚು ತೆರೆದಿಟ್ಟರೂ ಹೆಚ್ಚೇನೂ ವ್ಯತ್ಯಾಸವಾಗದು. ಹೊರಗೆ 40 ಇದ್ದರೆ ಒಳಗೆ 50. ಟೀ ಕುಡಿದು ಬರುವಷ್ಟರಲ್ಲಿ ಏನಾಗುತ್ತದೆ ಎಂದು ಮಲಗಿದ ಮಗುವನ್ನು ಕಾರಿನೊಳಗೆ ಬಿಟ್ಟು ಎಂದೂ ಹೋಗಬೇಡಿ. ಯಾರಿಗಾದರೂ ಮೈ ಕಾದು ಸುಡುತ್ತಿದ್ದು, ಮಾತು ತೊದಲಿದರೆ, ಗೊಂದಲಗೊಂಡರೆ ಅದು ಬಿಸಿಲಿನ ಆಘಾತ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಸೆಕೆಯಲ್ಲಿ ನೀರು ಕಂಡರೆ ಇಳಿಯುವ ಆಸೆ ಎಲ್ಲರಿಗೂ. ಹಂಪಿಯ ಬಳಿ ತುಂಗಭದ್ರೆ ಬಂಡೆಗಳ ನಡುವೆ ಸುಳಿ ಸುತ್ತುತ್ತಾ ಹರಿಯುತ್ತಾಳೆ. ಕಾಲುವೆಗಳ ಜಾರುವ ಗೋಡೆಗೆ ಹಿಡಿಯಲು ಏನೂ ಇರುವುದಿಲ್ಲ. ಪ್ರತಿ ಬೇಸಿಗೆಯೂ ಮಕ್ಕಳು ಮುಳುಗಿದ ಸುದ್ದಿ ಓದುತ್ತೇವೆ. ಗೊತ್ತಿಲ್ಲದ ನೀರಿಗೆ ಯಾರೂ ಇಳಿಯುವುದಿಲ್ಲ ಎಂಬುದೂ ಮನೆಯ ತೀರ್ಮಾನವಾಗಲಿ.

ಈ ಕಾಲದಲ್ಲಿ ಬಿಸಿಲಿನಷ್ಟೇ ಮಳೆಗೂ ಸಿದ್ಧರಿರಬೇಕು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಗುಡುಗು ಸಿಡಿಲು ಬಿರುಗಾಳಿಯ ಸಮೇತ ಸಂಜೆ ಹೊತ್ತಿಗೆ ಬರುತ್ತವೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು ಮೊದಲ ಹನಿಗಳಿಗೆ ಕಲಸಿ ಜಾರುತ್ತವೆ. ವೇಗ ಇಳಿಸಿ. ವೈಪರಿನ ರಬ್ಬರು ಬಿಸಿಲಿಗೆ ಗಟ್ಟಿಯಾಗಿರುತ್ತದೆ, ಹೊರಡುವ ಮೊದಲೇ ಬದಲಾಯಿಸಿ. ಮಧ್ಯಾಹ್ನ ನೆರಳು ಕೊಟ್ಟ ಮರವೇ ಸಿಡಿಲಿನಲ್ಲಿ ಅಪಾಯ. ಆಗ ಮರದಡಿ ನಿಲ್ಲದೆ, ಕಿಟಕಿ ಏರಿಸಿದ ಕಾರಿನೊಳಗೇ ಇರಿ.

ಸೀಟ್‌ಬೆಲ್ಟ್ ಹಿಂದಿನ ಸೀಟಿನವರಿಗೂ ಬೇಕು. 14 ವರ್ಷದೊಳಗಿನ ಮಕ್ಕಳು ಬೆಲ್ಟ್ ಇಲ್ಲವೇ ಮಕ್ಕಳ ಸೀಟಿನಲ್ಲಿ ಸುರಕ್ಷಿತವಾಗಿರಬೇಕೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಮುದ್ದಲ್ಲ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಪೆಟ್ಟು ಬೀಳುವುದು ಮಗುವಿಗೆ. ಫಾಸ್ಟ್ಯಾಗ್‌ನಲ್ಲಿ ಹಣ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆಯ ಪತ್ರ ಇರಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108. ಈ ಮೂರನ್ನೂ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ದಾರಿಯಲ್ಲಿ ಬೇರೆಯವರಿಗೆ ಅಪಘಾತವಾಗಿದ್ದನ್ನು ಕಂಡರೆ ಪೊಲೀಸು, ಕೋರ್ಟು ಎಂದು ಹೆದರಿ ಮುಂದೆ ಹೋಗಬೇಡಿ. ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ. ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆಯನ್ನೂ ಮಾಡಿದೆ.

ಕೊನೆಯ ತೀರ್ಮಾನ ಎಲ್ಲಕ್ಕಿಂತ ಕಷ್ಟದ್ದು. ಯಾವಾಗ ಸಾಕು ಎನ್ನಬೇಕು? ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟರೆ, ಮಗುವಿಗೆ ಜ್ವರ ಬಂದರೆ, ಗಾಡಿಯಲ್ಲಿ ಗೊತ್ತಿಲ್ಲದ ಸದ್ದು ಕೇಳಿದರೆ ಇದ್ದ ಊರಿನಲ್ಲೇ ಒಂದು ದಿನ ಉಳಿಯುತ್ತೇವೆ, ಇಲ್ಲವೇ ತಿರುಗಿ ಬರುತ್ತೇವೆ ಎಂದು ಮೊದಲೇ ಎಲ್ಲರೂ ಒಪ್ಪಿರಬೇಕು. ಅದಕ್ಕಾಗಿ ರಜೆಯಲ್ಲಿ ಒಂದು ದಿನ, ಕೈಯಲ್ಲಿ ಒಂದಿಷ್ಟು ಹಣ ಮೀಸಲಿಡಬೇಕು. ಮೊದಲೇ ಒಪ್ಪಿದ್ದರೆ ಆಗ ಯಾರ ಮೇಲೂ ಯಾರೂ ಮುನಿಯುವುದಿಲ್ಲ. ಗೋಳಗುಮ್ಮಟ ಮುನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅಲ್ಲಿ ನಿಂತಿದೆ, ಮುಂದಿನ ವರ್ಷ ಹೋದರೂ ಸಿಗುತ್ತದೆ.

ಈ ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಕೂತು ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆಯಿರಿ: ಎಷ್ಟು ಹೊತ್ತಿಗೆ ಹೊರಡುತ್ತೇವೆ, ಬಿಸಿಲಿನ ಹೊತ್ತು ಎಲ್ಲಿ ಕಳೆಯುತ್ತೇವೆ, ಗಾಡಿ ಯಾರು ಓಡಿಸುತ್ತಾರೆ, ಏನಾದರೆ ನಿಲ್ಲುತ್ತೇವೆ. ಬರೆಯುವ ಕೆಲಸ ಮಕ್ಕಳಿಗೇ ಕೊಡಿ. ದಾರಿಯಲ್ಲಿ ದೊಡ್ಡವರು ಮರೆತರೆ ನೆನಪಿಸುವವರು ಅವರೇ. ಎಲ್ಲರಿಗೂ ಸುಖ ಪ್ರಯಾಣ.